ಸ್ಟೇಟ್ ಪಾರ್ಕಿನಲ್ಲೊಂದು ಅಪ್ರದಕ್ಷಿಣೆ

ಶಿವಾಜಿನಗರ

ನನ್ನ ತಂಗಿ ಮಂಜುಳಾಗೆ ಐವತ್ತು ತುಂಬಿತು ಅನ್ನುವ ಸಂತೋಷಕ್ಕೆ ನಾನು ಗುಡ್ಡ ಹತ್ತಬೇಕಾಯಿತು. ಬೇರೆಯವರ ತಂಗಿಯರು ತಮಗೆ ಐವತ್ತಾದರೆ ಸತ್ಯನಾರಾಯಣ ಪೂಜೆ ಮಾಡಿಸಿ ಸಪಾದ ಭಕ್ಷ್ಯ ಹಂಚುತ್ತಾರೆ. ನಮ್ಮವಳು ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಒಂದು ಸಣ್ಣ ಊರಿನ ಶಾಲಾ ಬಸ್ಸಿನ ಡ್ರೈವರು. ಮೂವತ್ತು ನಲವತ್ತು ಮಕ್ಕಳನ್ನು ಕನ್ನಡಿಯಲ್ಲೇ ಹೆದರಿಸಿ ಕೂರಿಸುವ ಹೆಂಗಸು. ಆಕೆಗೆ ಪೂಜೆ ಸಾಲುವುದಿಲ್ಲ, ಹೈಕಿಂಗ್ ಬೇಕು.

"ಸಣ್ಣಣ್ಣ, ದಸರಾ ಆದ್ಮೇಲೆ ಬಾ. ಟಿಕೆಟ್ ನಾನೇ ಮಾಡಿಸ್ತೀನಿ. ಸ್ಟೇಟ್ ಪಾರ್ಕಲ್ಲಿ ಒಂದು ಮಾಡರೇಟ್ ಲೂಪ್ ಹೈಕ್ ಪ್ಲಾನ್ ಮಾಡಿದೀನಿ" ಎಂದಳು ಫೋನಿನಲ್ಲಿ.

ಪಾರ್ಕು ಅಂದರೆ ನನಗೆ ಗೊತ್ತಿರುವುದು ಕಬ್ಬನ್ ಪಾರ್ಕು. ಬೆಂಚು, ಕಡಲೆಕಾಯಿ, ಬೆಂಚಿನ ಮೇಲೆ ಮುಖಕ್ಕೆ ಪೇಪರ್ ಮುಚ್ಚಿಕೊಂಡು ಮಲಗಿದ ಮನುಷ್ಯ. ಅದರಲ್ಲಿ ಮಾಡರೇಟಾಗಿ ಒಂದು ಸುತ್ತು ಬರುವುದೇನು ಮಹಾ ಎಂದು ಒಪ್ಪಿಕೊಂಡೆ. ಒಪ್ಪುವ ಮೊದಲು ಒಂದೇ ಒಂದು ಪ್ರಶ್ನೆ ಕೇಳಿದೆ: "ಅವನು ಬರ್ತಾನಾ?"

"ದೊಡ್ಡಣ್ಣಾನಾ? ಕರೆದೆ. ಬರಲ್ವಂತೆ. ನೀನಾದ್ರೂ ಬಾ."

ಅವನು ಅಂದರೆ ನಮ್ಮಣ್ಣ ಮುನಿರಾಜು. ಕಗ್ಗದಾಸಪುರದಲ್ಲಿ ನಮ್ಮ ತಾತ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಅಣ್ಣ ಪೇಯಿಂಗ್ ಗೆಸ್ಟ್ ಹುಡುಗರನ್ನು ಬೆಳೆಯುತ್ತಾನೆ. ಟೆಕ್ ಪಾರ್ಕು ಪಕ್ಕದಲ್ಲೇ ಇರುವುದರಿಂದ ವರ್ಷಪೂರ್ತಿ ಫಸಲು. ಅವನ ಕಟ್ಟಡಕ್ಕೂ ನನ್ನ ಮನೆಗೂ ನಡುವೆ ಒಂದು ಓಣಿ ಇತ್ತು. ಇತ್ತು ಅಂದೆ; ಅಣ್ಣ ಹೊರಗಡೆಯಿಂದ ಒಂದು ಕಬ್ಬಿಣದ ಮೆಟ್ಟಿಲು ಏರಿಸಿದ ಮೇಲೆ ಅದು ಓಣಿಯಾಗಿ ಉಳಿಯಲಿಲ್ಲ, ಬೆಕ್ಕುಗಳ ಸ್ವಂತ ಆಸ್ತಿಯಾಯಿತು. ಆ ಮೆಟ್ಟಿಲಿನ ವಿಷಯದಲ್ಲಿ ನಾವು ನಾಲ್ಕು ವರ್ಷದಿಂದ ಮಾತು ಬಿಟ್ಟಿದ್ದೆವು. ಎದುರು ಬದುರು ಮನೆಯಲ್ಲಿದ್ದು ಮಾತು ಬಿಡುವುದು ಸುಲಭದ ಕೆಲಸವಲ್ಲ. ಅವನು ಹಾಲು ತರಲು ಹೊರಟರೆ ನಾನು ಚಪ್ಪಲಿ ಹುಡುಕುವವನಂತೆ ಬಾಗಿಲ ಹಿಂದೆ ನಿಲ್ಲಬೇಕು. ಅವನೂ ಅಷ್ಟೇ ಶ್ರದ್ಧೆಯಿಂದ ನನ್ನ ಸ್ಕೂಟರಿನ ಸದ್ದು ಅಡಗುವವರೆಗೆ ಗೇಟಿನೊಳಗೆ ಕಾಯುತ್ತಿದ್ದ.

ಅಣ್ಣ ಬರುವುದಿಲ್ಲ ಎಂದ ಮೇಲೆ ನನಗೆ ಅಮೆರಿಕ ಬಹಳ ಒಳ್ಳೆಯ ದೇಶವಾಗಿ ಕಂಡಿತು. ಹಲಸೂರು ಕೆರೆಯ ಪಕ್ಕದಲ್ಲಿ ದಿನಾ ಬೆಳಿಗ್ಗೆ ನಡೆದು ತರಬೇತಿ ಆಗಬೇಕೆಂದು ಮಂಜುಳಾಳ ಆಜ್ಞೆ, ನಡೆದೆ. ನಡೆದದ್ದಕ್ಕೆ ಸಾಕ್ಷಿಯಾಗಿ, ಕ್ಯಾಮೆರಾ ಕೆರೆಯ ಕಡೆ ತಿರುಗಿಸಿ, ವಿಡಿಯೋ ಕಾಲ್ ಬೇರೆ. "ಏದುಸಿರು ಇಲ್ಲಿಗೆ ಕೇಳಿಸ್ತಿದೆ ಸಣ್ಣಣ್ಣ, ನಿಧಾನ" ಎನ್ನುವಳು. ಆ ಏದುಸಿರು ಕೆರೆಯ ಬಳಿಯ ಹೋಟೆಲಿನಲ್ಲಿ ಬಿಸಿ ದೋಸೆ ಊದುತ್ತಿದ್ದದ್ದು ಎಂದು ನಾನು ಹೇಳಲಿಲ್ಲ.

ಶೂ ಕೊಳ್ಳಲು ಶಿವಾಜಿನಗರಕ್ಕೆ ಹೋದೆ. ಅಂಗಡಿಯವರು ಗಡ್ಡ ನೀವಿಕೊಂಡು ನನ್ನ ಕಾಲು ನೋಡಿದರು, ಆಮೇಲೆ ಮುಖ ನೋಡಿದರು.

"ಅಮೆರಿಕಾಗಾ? ಅರೆ ಸಾರ್, ಜನ ಅಲ್ಲಿಂದ ಇಲ್ಲಿಗೆ ಶೂ ತರ್ತಾರೆ. ನೀವು ಇಲ್ಲಿಂದ ಅಲ್ಲಿಗಾ?"

"ಬೆಟ್ಟ ಹತ್ತೋಕೆ ಭಾಯ್."

"ಕ್ಯಾ ಸಾರ್, ಎಲ್ರೂ ಬೆಟ್ಟ ಹತ್ತೋರೇ ಆಗ್ಬಿಟ್ರು. ನಿನ್ನೆ ಒಬ್ರು ಬಂದಿದ್ರು, ಸೇಮ್ ನಿಮ್ ಥರಾನೇ ಮೂಗು. ಅವ್ರೂ ಅಮೆರಿಕಾ ಅಂದ್ರು. ಇದೇ ಕೊಟ್ಟೆ. ಹಸಿರು ಲೇಸು, ಗ್ಯಾರಂಟಿ ಮಾಲು."

ಬೆಂಗಳೂರಿನಲ್ಲಿ ಮೂಗು ಇರುವವರು ಬಹಳ ಜನ. ನಾನು ತಲೆ ಕೆಡಿಸಿಕೊಳ್ಳಲಿಲ್ಲ.

ವಿಮಾನದ ಒಳಗೆ

ವಿಮಾನ ನಿಲ್ದಾಣದ ಸಾಲಿನಲ್ಲಿ ನನ್ನ ಮುಂದೆ ನಿಂತವನ ಕಾಲಲ್ಲಿ ಹಸಿರು ಲೇಸಿನ ಶೂ ಇತ್ತು. ಕಣ್ಣು ನಿಧಾನವಾಗಿ ಮೇಲಕ್ಕೆ ಹೋಯಿತು. ಇಸ್ತ್ರಿ ಹೊಡೆದ ಬಿಳಿ ಅಂಗಿ, ಸಣ್ಣ ಬೊಕ್ಕತಲೆ, ಅದರ ಹಿಂದೆ ಹುಟ್ಟಿದಾರಭ್ಯ ನೋಡಿದ ಸುಳಿ. ಅಣ್ಣ ತಿರುಗಿದ. ಇಬ್ಬರೂ ಒಂದೇ ಸಲ ಫೋನು ತೆಗೆದು ಮಂಜುಳಾಗೆ ಹಚ್ಚಿದೆವು. ಅವಳು ಯಾರದನ್ನೂ ಎತ್ತಲಿಲ್ಲ.

ಸೀಟೂ ಅಕ್ಕಪಕ್ಕ. ಅಣ್ಣ ಕಿಟಕಿ, ನಾನು ಮಧ್ಯ, ನನ್ನಾಚೆ ಒಬ್ಬ ಗುಜರಾತಿ ಅಜ್ಜಿ. ಅಜ್ಜಿ ಮೊದಲ ಅರ್ಧ ಗಂಟೆಯಲ್ಲೇ ಇಬ್ಬರಿಗೂ ಥೇಪ್ಲಾ ರೊಟ್ಟಿ ಹಂಚಿ, "ಅಣ್ಣ ತಮ್ಮನಾ?" ಎಂದು ಹಿಂದಿಯಲ್ಲಿ ಕೇಳಿದರು. ನಾವಿಬ್ಬರೂ ಬಾಯಿ ತುಂಬ ಥೇಪ್ಲಾ ಇಟ್ಟುಕೊಂಡು ಉತ್ತರದಿಂದ ಪಾರಾದೆವು.

ಕಿಟಕಿ ಪಕ್ಕದವನು ಶೌಚಾಲಯಕ್ಕೆ ಹೋಗಬೇಕಾದರೆ ಮಧ್ಯದವನು ಏಳಬೇಕು. ಏಳಪ್ಪಾ ಎನ್ನಲು ಅಣ್ಣನಿಗೆ ಮಾನ ಅಡ್ಡ ಬಂತು. ಗುಂಡಿ ಒತ್ತಿ ಗಗನಸಖಿಯನ್ನು ಕರೆಸಿದ. "ಮೇಡಂ, ಪ್ಲೀಸ್ ಟೆಲ್ ದಿಸ್ ಜೆಂಟಲ್‌ಮನ್ ಟು ಸ್ಟ್ಯಾಂಡ್" ಎಂದ. ಆಕೆ ನನಗೆ ಹೇಳಿದಳು. ನಾನು ಆಕೆಗೆ ಥ್ಯಾಂಕ್ಸ್ ಹೇಳಿ ಎದ್ದೆ. ಎರಡು ಖಂಡ ದಾಟುವವರೆಗೂ ಹೀಗೇ ನಡೆಯಿತು. ಕೊನೆಗೆ ಆಕೆ ನಮ್ಮ ಸಾಲಿನ ದೀಪ ಹೊತ್ತಿದರೆ ದೂರದಿಂದಲೇ ನನಗೆ ಏಳುವಂತೆ ಕೈಸನ್ನೆ ಮಾಡತೊಡಗಿದಳು.

ಇಲ್ಲಿ ಒಂದು ವಿಷಯ ಹೇಳಿಬಿಡುತ್ತೇನೆ. ವಿಮಾನಪುರದ ಕಾರ್ಖಾನೆಯಲ್ಲಿ ವಿಮಾನದ ಭಾಗಗಳನ್ನು ತಿಕ್ಕಿ ತೀಡಿ ನಿವೃತ್ತನಾದವನು ನಾನು. ಅಂಥ ನಾನು ವಿಮಾನದ ಶೌಚಾಲಯದ ಬಾಗಿಲನ್ನು ಎಳೆದೆ, ಜಗ್ಗಿದೆ, ಭುಜ ಕೊಟ್ಟೆ, ಅದು ತೆರೆಯಲಿಲ್ಲ. ಹಿಂದಿನಿಂದ ಒಂದು ಕೈ ಬಂದು ಬಾಗಿಲ ಮಧ್ಯಕ್ಕೆ ಒತ್ತಿತು. ಬಾಗಿಲು ಮಡಚಿಕೊಂಡು ತೆರೆಯಿತು. ಕೈ ಅಣ್ಣನದು. ಒಂದು ಮಾತಿಲ್ಲ. ಆದರೆ ಆ ಮೌನದಲ್ಲಿ ನನ್ನ ಇಡೀ ಸೇವಾವಧಿಯ ಮೇಲೆ ಅವನ ಅಭಿಪ್ರಾಯ ಇತ್ತು.

ಅಮೆರಿಕದಲ್ಲಿ ಇಳಿದ ಮೇಲೆ ಗಾಜಿನ ಹಿಂದೆ ಕೂತ ಅಧಿಕಾರಿ ನಮ್ಮ ಪಾಸ್‌ಪೋರ್ಟ್ ನೋಡಿ, "ಇಬ್ಬರೂ ಒಟ್ಟಿಗೆ ಬಂದಿದ್ದೀರಾ?" ಎಂದು ಕೇಳಿದ. "ನೋ" ಎಂದೆವು, ಇಬ್ಬರೂ ಒಂದೇ ದನಿಯಲ್ಲಿ. ಅಪ್ಪನ ಹೆಸರು ಒಂದೇ, ಊರು ಒಂದೇ, ಇಳಿದುಕೊಳ್ಳುವ ಮನೆ ಒಂದೇ, ಮೂಗು ಒಂದೇ, ಶೂ ಕೂಡ ಒಂದೇ. ಅವನು ಪೆನ್ನು ಕೆಳಗಿಟ್ಟ. ನಾವು ಒಟ್ಟಿಗೆ ಬಂದಿಲ್ಲ, ಪಕ್ಕಪಕ್ಕದಲ್ಲಿ ಬಂದೆವು ಅಷ್ಟೇ ಎಂದು ಅವನಿಗೆ ತಿಳಿಸಿಕೊಡುವಷ್ಟು ಇಂಗ್ಲಿಷು ನಮ್ಮಿಬ್ಬರ ಹತ್ತಿರವೂ ಇರಲಿಲ್ಲ. ಕೊನೆಗೆ ಅವನ ಮುಖದಲ್ಲಿ ಏನೋ ಹೊಳೆದಂತಾಯಿತು. "ಬ್ರದರ್ಸ್," ಎಂದು ನಿಟ್ಟುಸಿರಿಟ್ಟು ಮುದ್ರೆ ಹಾಕಿದ. ಅವನಿಗೂ ಒಬ್ಬ ಇರಬೇಕು.

ಹೊರಗೆ ಮಂಜುಳಾ ಕೈಕಟ್ಟಿಕೊಂಡು ನಿಂತಿದ್ದಳು.

"ಹೌದು, ಇಬ್ರಿಗೂ ಸುಳ್ಳು ಹೇಳಿದೆ. ಏನೀಗ? ನನ್ ಗಂಡ ಕೆಲ್ಸದ ಮೇಲೆ ಬೇರೆ ರಾಜ್ಯಕ್ಕೆ ಹೋಗಿದಾರೆ, ಮನೇಲಿ ನಾವ್ ಮೂರೇ ಜನ. ಹತ್ತಿ ಕಾರು. ಬೆಲ್ಟ್ ಹಾಕಿ."

ಹತ್ತಿದೆವು. ಬೆಲ್ಟೂ ಹಾಕಿದೆವು.

ಮಂಜುಳಾಳ ಊಟದ ಮೇಜು

ನಮ್ಮಲ್ಲಿ ಬೆಟ್ಟಕ್ಕೆ ಹೋಗುವುದೆಂದರೆ ಬೆಳಿಗ್ಗೆ ಎದ್ದು ಹೋಗುವುದು. ಅಮೆರಿಕದಲ್ಲಿ ಹಾಗಲ್ಲ. ಒಂದು ಬೆಳಗಿನ ನಡಿಗೆಗೆ ಮೂರು ರಾತ್ರಿಯ ಊಟದ ಮೇಜಿನಲ್ಲಿ ಸಭೆ. ಮಂಜುಳಾ ಸಾರಿನ ಪಾತ್ರೆ ಸರಿಸಿ ನಕ್ಷೆ ಹಾಸಿದಳು. ಅಣ್ಣ ಮೇಜಿನ ಆ ತುದಿ, ನಾನು ಈ ತುದಿ.

ಸ್ಟೇಟ್ ಪಾರ್ಕ್ ಎಂದರೆ ಉದ್ಯಾನವನವಲ್ಲ, ಸರ್ಕಾರ ನೋಡಿಕೊಳ್ಳುವ ಕಾಡು ಎಂದು ಅಲ್ಲಿ ತಿಳಿಯಿತು. ಬೆಂಚು ಇಲ್ಲ, ಕಡಲೆಕಾಯಿ ಇಲ್ಲ, ಕರಡಿ ಇದೆ. ಲೂಪ್ ಎಂದರೆ ಗುಡ್ಡದ ಸುತ್ತ ಹಾಯ್ದು ಹೊರಟ ಜಾಗಕ್ಕೇ ಬಂದು ಸೇರುವ ದಾರಿ.

"ಹೊರಟ ಜಾಗಕ್ಕೇ ವಾಪಸ್ ಬರೋದಾದ್ರೆ ಹೋಗೋದ್ಯಾಕಮ್ಮ?" ಅಣ್ಣ ಕೇಳಿದ. ನ್ಯಾಯವಾದ ಪ್ರಶ್ನೆ. ಆದರೆ ಕೇಳಿದವನು ಅವನಾದ್ದರಿಂದ ನಾನು ತಲೆಯಾಡಿಸಲಿಲ್ಲ.

ಮಾಡರೇಟ್ ಎನ್ನುವುದಕ್ಕೆ ಮಂಜುಳಾ ಕೊಟ್ಟ ಅರ್ಥ: "ತೀರಾ ಸುಲಭ ಅಲ್ಲ, ತೀರಾ ಕಷ್ಟಾನೂ ಅಲ್ಲ." ನನ್ನ ಸಕ್ಕರೆ, ರಕ್ತದೊತ್ತಡ, ಕೊಲೆಸ್ಟರಾಲ್ ಎಲ್ಲವನ್ನೂ ನಮ್ಮ ಡಾಕ್ಟರು ಮಾಡರೇಟ್ ಎಂದೇ ಕರೆಯುತ್ತಾರೆ. ಕರೆಯುವಾಗ ಅವರ ಮುಖ ಯಾವತ್ತೂ ಗೆಲುವಾಗಿರುವುದಿಲ್ಲ.

ಅಲ್ಲಿ ಫೋನಿಗೆ ಸಿಗ್ನಲ್ ಸಿಗುವುದಿಲ್ಲ, ಆದ್ದರಿಂದ ನಕ್ಷೆಯನ್ನು ಮೊದಲೇ ಫೋನಿಗೆ ಇಳಿಸಿಕೊಳ್ಳಬೇಕು. ಪ್ಯಾಂಟನ್ನು ಕಾಲುಚೀಲದೊಳಗೆ ತುರುಕಬೇಕು, ಇಲ್ಲದಿದ್ದರೆ ರಕ್ತ ಹೀರುವ ಉಣ್ಣೆಹುಳ ಹತ್ತುತ್ತದೆ. ಉದುರಿದ ಎಲೆಗಳ ಕೆಳಗೆ ಕಲ್ಲು ಜಾರುತ್ತದೆ. ಹಳದಿ ಪಟ್ಟಿ ಬಳಿದ ಮರಗಳನ್ನು ಬಿಟ್ಟು ಆಚೀಚೆ ಹೋಗಬಾರದು. ಹೊಸ ಶೂಗಳನ್ನು ಮನೆಯೊಳಗೇ ಹಾಕಿಕೊಂಡು ಓಡಾಡಿ ಪಳಗಿಸಬೇಕು. ಹಾಗಾಗಿ ಕಗ್ಗದಾಸಪುರದ ಇಬ್ಬರು ಗೃಹಸ್ಥರು ಒಂದೇ ತೆರನ ಶೂ ತೊಟ್ಟು, ಒಬ್ಬರನ್ನೊಬ್ಬರು ನೋಡದೆ, ಎರಡು ದಿನ ಒಂದೇ ಸೋಫಾದ ಸುತ್ತ ಓಡಾಡಿದೆವು.

"ಕರಡಿ ಬಂದ್ರೆ ಓಡಬಾರ್ದು. ದೊಡ್ಡ ದನೀಲಿ ಮಾತಾಡ್ಬೇಕು. ಒಟ್ಟಿಗೆ ಇದ್ದು ಜೋರಾಗಿ ಮಾತಾಡ್ತಾ ಇದ್ರೆ ಅದು ಹತ್ರಾನೇ ಬರಲ್ಲ" ಎಂದಳು ಮಂಜುಳಾ, ನಮ್ಮಿಬ್ಬರನ್ನೂ ಸರದಿಯಲ್ಲಿ ನೋಡಿ.

"ಅವನಿಗೆ ಹೇಳು, ಅವನೇ ತಾನೆ ಬಾಯಿ ಬಿಡದೆ ಇರೋನು" ಎಂದೆ.

"ಅವನಿಗೇ ಹೇಳು, ಮೊದ್ಲು ಬಾಯಿ ಮುಚ್ಚಿದ್ದು ಯಾರು ಅಂತ" ಎಂದ ಅಣ್ಣ.

"ನನ್ ಬಸ್ಸಲ್ಲಿ ಐದನೇ ಕ್ಲಾಸಿನ ಹುಡುಗ್ರು ಇದಕ್ಕಿಂತ ವಾಸಿ" ಎಂದು ಮಂಜುಳಾ ನಕ್ಷೆಯ ಮೇಲೆ ಬೆರಳೂರಿದಳು. ದಾರಿ ಶುರುವಾಗುವಲ್ಲಿ ಕವಲಿದೆ. ಬಲಕ್ಕೆ ಹೊರಟರೆ ಕಡಿದಾದ ಕಲ್ಲು ಮೆಟ್ಟಿಲು ಮೊದಲು ಸಿಗುತ್ತದೆ. ಉಸಿರಿರುವಾಗಲೇ ಹತ್ತಿ ಮುಗಿಸಿ, ಆಚೆ ಕಡೆ ನಿಧಾನವಾಗಿ ಇಳಿಯಬಹುದು, ಮಂಡಿಗೆ ಒಳ್ಳೆಯದು. ಎಡಕ್ಕೆ ಹೊರಟರೆ ಅದರ ತಿರುವುಮುರುವು. ನಾವು ಬಲಕ್ಕೆ ಹೋಗೋಣ.

ಅಣ್ಣ ನಕ್ಷೆಯನ್ನು ತನ್ನ ಕಡೆ ತಿರುಗಿಸಿಕೊಂಡ. "ಇದು ಅಪ್ರದಕ್ಷಿಣೆ ಆಗುತ್ತೆ ಮಂಜು. ಬೆಟ್ಟ ಎಡಗಡೆ ಬರುತ್ತೆ."

"ಮಧ್ಯೆ ಯಾವ ದೇವ್ರೂ ಇಲ್ಲ ದೊಡ್ಡಣ್ಣ."

"ನಿಂಗೆ ಹೇಗ್ ಗೊತ್ತು?"

ಅವಳಿಗೆ ಗೊತ್ತಿರಲಿಲ್ಲ. ಸಭೆ ಅಲ್ಲಿಗೆ ಮುಗಿಯಿತು.

ಕವಲು

ಶನಿವಾರ ಬೆಳಿಗ್ಗೆ ಪಾರ್ಕಿನ ವಾಹನ ನಿಲ್ದಾಣಕ್ಕೆ ಬಂದೆವು. ಗಾಡಿ ನಿಲ್ಲಿಸಲು ಜಾಗ ತಾನಾಗಿಯೇ ಸಿಕ್ಕಿದ್ದರಿಂದ ನಮಗೆ ಇದು ಸರಿಯಾದ ಸ್ಥಳವೇ ಎಂಬ ಅನುಮಾನ ಬಂತು. ಸುತ್ತ ಮರಗಳು ಕೆಂಪು, ಹಳದಿ, ತುಕ್ಕಿನ ಬಣ್ಣ. ಎಲೆ ಉದುರುವ ಸದ್ದು ಕೇಳಿಸುವಷ್ಟು ನಿಶ್ಶಬ್ದ. ಕಗ್ಗದಾಸಪುರದ ರೈಲ್ವೆ ಗೇಟಿನ ಮುಂದೆ ಆಯುಸ್ಸು ಕಳೆದ ನನ್ನ ಕಿವಿಗೆ ಅಷ್ಟು ಮೌನ ಕಿವಿಯದೇ ದೋಷದಂತೆ ಕಂಡಿತು.

ಮಂಜುಳಾ ನಮ್ಮಿಬ್ಬರ ಬೆನ್ನಿಗೂ ಒಂದೊಂದು ಚೀಲ ಕಟ್ಟಿ, ಕೊರಳಿಗೆ ಒಂದೊಂದು ಸೀಟಿ ತೂಗಿಹಾಕಿದಳು. ಹೊಸ ಸೀರೆಯ ಬದಲು ಹೊಸ ಜಾಕೆಟ್ಟು ತೊಟ್ಟಿದ್ದಳು. ಹುಟ್ಟುಹಬ್ಬದ ಕಳೆ ಮುಖದಲ್ಲಿ ಇತ್ತು. ಕವಲಿನ ತನಕ ಇತ್ತು.

ಕವಲಿನಲ್ಲಿ ಅವಳು ಬಲಕ್ಕೆ ತಿರುಗಿದಳು. ಅಣ್ಣ ಎಡಕ್ಕೆ ತಿರುಗಿದ.

"ದೊಡ್ಡಣ್ಣ, ಈ ಕಡೆ."

"ನಂಗೆ ಆ ಕಡೆ ಮನಸ್ಸು ಒಪ್ಪಲ್ಲ ಕಣಮ್ಮ. ನೀವ್ ಬೇಕಾದ್ರೆ ಹೋಗಿ."

"ಬಿಡು ಮಂಜು," ಎಂದೆ ನಾನು, ಮರಕ್ಕೆ ಹೇಳುವವನಂತೆ. "ಕೆಲವ್ರಿಗೆ ಎಲ್ಲ ದಾರೀನೂ ತಮ್ಮ ಕಡೆಗೇ ತಿರುಗಬೇಕು. ಓಣಿ ಆದ್ರೂ ಅಷ್ಟೆ, ಕಾಡಾದ್ರೂ ಅಷ್ಟೆ."

ಅಣ್ಣನ ಕುತ್ತಿಗೆ ಕೆಂಪಾಯಿತು. ಮಂಜುಳಾ ಇಬ್ಬರನ್ನೂ ನೋಡಿದಳು. ಅವಳು ಕೂಗಾಡಿದ್ದರೆ ಚೆನ್ನಾಗಿರುತ್ತಿತ್ತು. ಕೂಗಾಡಲಿಲ್ಲ.

"ಇಪ್ಪತ್ತು ವರ್ಷ ಆಯ್ತು ನಾನು ಈ ದೇಶಕ್ಕೆ ಬಂದು. ನಮ್ಮೋರು ಅಂತ ಇಬ್ರು ಬಂದಿದೀರಾ. ನಿಮ್ಮಿಬ್ರ ಮಧ್ಯ ನಡೀಬೇಕು ಅಂತ ಇತ್ತು, ಅಷ್ಟೆ. ಬೇಡ. ಹೋಗಿ. ಒಬ್ಬ ಎಡಕ್ಕೆ ಹೋಗು, ಒಬ್ಬ ಬಲಕ್ಕೆ ಹೋಗು. ನಾನ್ ಎಲ್ಲಿಗೂ ಬರಲ್ಲ."

ಅವಳು ವಾಪಸ್ ನಡೆದು ಕಾರಿನ ಪಕ್ಕದ ಮರದ ದಿಮ್ಮಿಯ ಮೇಲೆ ಬೆನ್ನು ಮಾಡಿ ಕೂತಳು. ಆಗ ನಾವಿಬ್ಬರೂ ಅವಳ ಹತ್ತಿರ ಹೋಗಬೇಕಿತ್ತು ಎಂದು ಓದುಗರಿಗೆ ಅನಿಸಬಹುದು. ಆದರೆ ಮೊದಲು ಹೋದವನು ಸೋತಂತಾಗುತ್ತಿತ್ತಲ್ಲ. ಅಣ್ಣ ಎಡಕ್ಕೆ ಹೊರಟ. ನಾನು ಬಲಕ್ಕೆ ಹೊರಟೆ. ತಂಗಿಯ ಯೋಜನೆಯನ್ನು ಯಾರಾದರೂ ಒಬ್ಬರು ಗೌರವಿಸಬೇಕು ತಾನೇ.

ಗುಡ್ಡದ ನೆತ್ತಿ

ಆ ಮೆಟ್ಟಿಲುಗಳನ್ನು ಮಾಡರೇಟ್ ಎಂದವನು ಯಾರೋ ಜಿಂಕೆಯ ಜಾತಿಯವನು. ಒಂದೊಂದು ಕಲ್ಲೂ ನನ್ನ ಮೊಣಕಾಲೆತ್ತರ. ಎದುರಿಗೆ ಇಳಿದು ಬರುವವರೆಲ್ಲ ನಗುತ್ತ "ಹಾಯ್" ಅನ್ನುತ್ತಾರೆ. ಪರಿಚಯವಿಲ್ಲದವರು ನಕ್ಕರೆ ನಮ್ಮೂರಲ್ಲಿ ಜೇಬು ಮುಟ್ಟಿ ನೋಡಿಕೊಳ್ಳುವುದು ಪದ್ಧತಿ. ನಾನೂ ಮೊದಮೊದಲು ಮುಟ್ಟಿಕೊಂಡೆ. ಆಮೇಲೆ ಅವರು ಇನ್ನೊಂದು ಮಾತನ್ನೂ ತಪ್ಪದೆ ಹೇಳುತ್ತಾರೆ: ಇನ್ನೇನು, ಬಂದೇ ಬಿಟ್ಟಿತು. ಮೊದಲ ತಿರುವಿನಲ್ಲಿ ಒಬ್ಬ ಹೇಳಿದ. ಮೂರನೆಯ ತಿರುವಿನಲ್ಲಿ ಒಬ್ಬಳು ಹೇಳಿದಳು. ಅದಾದ ಬಹಳ ಹೊತ್ತಿನ ಮೇಲೆ ಬಂದ ಮುದುಕ ಕೂಡ ಅದನ್ನೇ ಹೇಳಿದ. ನಮ್ಮ ಊರಿನ ಫ್ಲೈಓವರ್ ಯಾವಾಗ ಮುಗಿಯುತ್ತದೆ ಎಂದು ಕೇಳಿದರೂ ಇದೇ ದನಿಯಲ್ಲಿ ಉತ್ತರ ಬರುವುದರಿಂದ ನನಗೆ ಮನೆಯ ನೆನಪಾಯಿತು.

ಇನ್ನೊಬ್ಬ ತನ್ನ ನಾಯಿಯ ಹೇಲನ್ನು ಸಣ್ಣ ನೀಲಿ ಚೀಲದಲ್ಲಿ ಕಟ್ಟಿ, ಪ್ರಸಾದದ ಪೊಟ್ಟಣದಂತೆ ಬೆರಳಿಗೆ ಸಿಕ್ಕಿಸಿಕೊಂಡು ಬೆಟ್ಟ ಇಳಿಯುತ್ತಿದ್ದ. ಅವನ ಮುಖದಲ್ಲಿ ಸಂಕೋಚವೇ ಇರಲಿಲ್ಲ. ಸಂಕೋಚಪಟ್ಟವನು ನಾನು.

ನೆತ್ತಿಯಲ್ಲಿ ಅಗಲವಾದ ಬಂಡೆ. ಕೆಳಗೆ ಕಣ್ಣಿಗೆ ಕಾಣುವಷ್ಟೂ ಕಾಡು, ಯಾರೋ ಕುಂಕುಮ ಅರಿಶಿನದ ಅಂಗಡಿಯನ್ನೇ ಕೊಡವಿದಂತೆ. ಬಂಡೆಯ ಮೇಲಿದ್ದವರೆಲ್ಲ ಪಕ್ಕದವರ ತೋಳು ಹಿಡಿದು ಅಲ್ನೋಡು, ಇಲ್ನೋಡು ಎನ್ನುತ್ತಿದ್ದರು. ನನಗೆ ಹಿಡಿಯಲು ಯಾರ ತೋಳೂ ಇರಲಿಲ್ಲ. ಬಾಯಾರಿಕೆ ಮಾತ್ರ ಇತ್ತು. ಚೀಲ ಬಿಚ್ಚಿದೆ. ಮೇಲೆ ಚಿತ್ರಾನ್ನದ ಡಬ್ಬಿ. ಅದರ ಕೆಳಗೆ ಇನ್ನೊಂದು ಡಬ್ಬಿ. ಚಪಾತಿ ಸುರುಳಿ, ಬಾಳೆಹಣ್ಣು, ಕೊಬ್ಬರಿ ಮಿಠಾಯಿ. ತಳದವರೆಗೂ ಕೈ ಹಾಕಿದೆ. ನೀರಿನ ಬಾಟಲಿ ಒಂದೂ ಇಲ್ಲ.

ಸ್ವಲ್ಪ ಹೊತ್ತು ಚೀಲವನ್ನೇ ನೋಡುತ್ತ ಕೂತ ಮೇಲೆ ತಂಗಿಯ ಕುತಂತ್ರ ಅರ್ಥವಾಯಿತು. ಊಟವನ್ನೆಲ್ಲ ನನ್ನ ಚೀಲಕ್ಕೆ ತುಂಬಿದ್ದಾಳೆ, ನೀರನ್ನೆಲ್ಲ ಅವನ ಚೀಲಕ್ಕೆ ತುಂಬಿದ್ದಾಳೆ. ಮಾತಾಡದಿದ್ದರೆ ಹೊಟ್ಟೆಗಿಲ್ಲ. ಕವಲಿನಲ್ಲಿ ನಾವೇ ಕವಲೊಡೆಯುತ್ತೇವೆ ಎಂದು ಅವಳು ಎಣಿಸಿರಲಿಲ್ಲ, ಆಮೇಲೆ ಕೋಪದಲ್ಲಿ ಇದನ್ನು ಮರೆತಿದ್ದಾಳೆ.

ನಗು ಬಂತು. ಆಮೇಲೆ ಇನ್ನೊಂದು ನೆನಪಾಗಿ ನಗು ನಿಂತಿತು. ಅಣ್ಣನಿಗೆ ಸಕ್ಕರೆ ಕಾಯಿಲೆ. ಬೆಳಿಗ್ಗೆ ತಿಂಡಿಯ ಮೇಜಿನಲ್ಲಿ ಗುಳಿಗೆ ನುಂಗಿದ್ದನ್ನು ನಾನು ನೋಡದವನಂತೆ ನೋಡಿದ್ದೆ. ತಿಂದದ್ದು ಅರ್ಧ ದೋಸೆ. ಹೊತ್ತಿಗೆ ಸರಿಯಾಗಿ ತಿನ್ನದಿದ್ದರೆ ಅವನ ಕೈ ನಡುಗುತ್ತದೆ, ಬೆವರುತ್ತದೆ, ಕಣ್ಣು ಕತ್ತಲಾಗುತ್ತದೆ. ನಮ್ಮಮ್ಮನಿಗೂ ಹಾಗೇ ಆಗುತ್ತಿತ್ತು.

ಎಡಗಡೆಯಿಂದ ಹೊರಟವನು, ಅದೂ ಸುಲಭದ ದಾರಿಯಲ್ಲಿ, ಇಷ್ಟು ಹೊತ್ತಿಗೆ ನೆತ್ತಿಗೆ ಬಂದಿರಬೇಕಿತ್ತು. ಬಂದಿರಲಿಲ್ಲ. ಫೋನು ತೆಗೆದೆ, ಸಿಗ್ನಲ್ ಇಲ್ಲ. ಎದ್ದು, ಅವನು ಬರಬೇಕಾದ ದಾರಿಯಲ್ಲಿ ಇಳಿಯತೊಡಗಿದೆ. ಮೊದಲು ನಡೆದೆ. ಆಮೇಲೆ ನಡೆದೆ ಎಂದು ಹೇಳುವಂತಿರಲಿಲ್ಲ.

ಹಳ್ಳದ ದಂಡೆ

ಎದುರಿಗೆ ವಯಸ್ಸಾದ ಗಂಡ ಹೆಂಡತಿ ಊರುಗೋಲು ಊರಿಕೊಂಡು ಬರುತ್ತಿದ್ದರು. ನಾನು ನಿಲ್ಲಿಸಿ, ನನಗೆ ಬಂದ ಇಂಗ್ಲಿಷಿನಲ್ಲಿ, ಬಿಳಿ ಅಂಗಿ, ಬೊಕ್ಕತಲೆ ಎನ್ನುವಷ್ಟರಲ್ಲಿ ಆ ಹೆಂಗಸು ನನ್ನ ಶೂ ನೋಡಿ ಮುಖವರಳಿಸಿದಳು.

"ಓಹ್, ನೀವೇ ಆ ತಮ್ಮ!" ಎಂದಳು. "ಕೆಳಗೆ ಹಳ್ಳದ ಹತ್ತಿರ ಕೂತಿದ್ದಾರೆ. ಕಾಲು ಉಳುಕಿದೆ. ಸಹಾಯ ಮಾಡುತ್ತೇವೆ ಎಂದರೆ ಬೇಡವೇ ಬೇಡ ಎಂದರು. ನನ್ನ ತಮ್ಮ ಈ ದಾರಿಯಲ್ಲೇ ಬರುತ್ತಾನೆ, ಅವನು ಬಂದ ಮೇಲೆ ಹೋಗುತ್ತೇನೆ ಎಂದರು."

ನಾಲ್ಕು ವರ್ಷದಿಂದ ಹಾಲಿನಂಗಡಿಯಲ್ಲಿ ನನ್ನನ್ನು ನೋಡಿ ಮುಖ ತಿರುಗಿಸಿದವನು, ಯಾರೋ ಗೊತ್ತಿಲ್ಲದ ಬಿಳಿಯರಿಗೆ ಇದನ್ನು ಹೇಳಿದ್ದ. ಥ್ಯಾಂಕ್ಸ್ ಹೇಳುವುದನ್ನೂ ಮರೆತು ಹಳ್ಳದ ಕಡೆ ಓಡಿದೆ.

ಅಣ್ಣ ಹಳ್ಳದ ಪಕ್ಕದ ಬಂಡೆಯ ಮೇಲೆ, ಒಂದು ಕಾಲಿನ ಶೂ ಬಿಚ್ಚಿ, ಮಂಡಿಯವರೆಗೂ ಒದ್ದೆಯಾಗಿ ಕೂತಿದ್ದ. ಎಲೆ ಮುಚ್ಚಿದ ಕಲ್ಲಿನ ಮೇಲೆ ಕಾಲಿಟ್ಟು ಜಾರಿದ್ದನಂತೆ. ಕಣಕಾಲು ಬದನೆಕಾಯಿಯಂತೆ ಊದಿತ್ತು. ಹಣೆಯ ಮೇಲೆ ಬೆವರು. ನನ್ನನ್ನು ನೋಡಿದ. ನಾಲ್ಕು ವರ್ಷದ ನಂತರ ಅಣ್ಣನ ಬಾಯಿಂದ ನನಗೆ ಬಿದ್ದ ಮೊದಲ ಮಾತು ಇದು:

"ಊಟ ನಿನ್ ಹತ್ರ ಇದೆಯೇನೋ ಗೋಪಿ?"

"ನೀರ್ ಕೊಡು ಮೊದ್ಲು" ಎಂದೆ ನಾನು.

ಬಾಟಲಿ ಈ ಕಡೆ ಬಂತು, ಬಾಳೆಹಣ್ಣು, ಮಿಠಾಯಿ ಆ ಕಡೆ ಹೋದವು. ಸ್ವಲ್ಪ ಹೊತ್ತು ಒಬ್ಬ ಗಟಗಟ, ಒಬ್ಬ ಪಚಪಚ. ಅವನ ಕೈ ನಡುಗುವುದು ನಿಲ್ಲುವವರೆಗೆ ನಾನು ಅದನ್ನೇ ನೋಡುತ್ತಿದ್ದೆ. ಆಮೇಲೆ ಚಿತ್ರಾನ್ನದ ಡಬ್ಬಿ ತೆಗೆದೆವು.

"ಸೀಟಿ ಊದೋಕೇನಾಗಿತ್ತು?" ಎಂದೆ.

"ನಾನೇನ್ ಟ್ರಾಫಿಕ್ ಪೊಲೀಸಾ?"

"ನಾನ್ ಬರ್ಲಿಲ್ಲ ಅಂದಿದ್ರೆ?"

"ಹೇಗ್ ಬರಲ್ಲ? ದಾರಿ ಇರೋದೇ ಒಂದು." ಕೈ ತೊಳೆದುಕೊಂಡ. "ಉಪ್ಪು ಕಮ್ಮಿ ಹಾಕಿದಾಳೆ."

ಇಳಿಜಾರು

ಆ ಕಾಲಿನಲ್ಲಿ ನೆತ್ತಿ ಹತ್ತಿ ಕಲ್ಲು ಮೆಟ್ಟಿಲು ಇಳಿಯುವುದು ಸಾಧ್ಯವಿರಲಿಲ್ಲ. ಅಣ್ಣ ಬಂದ ದಾರಿಯಲ್ಲೇ ಹಿಂದಕ್ಕೆ ಹೋಗಬೇಕು. ಅವನು ಒಂದು ಹೆಜ್ಜೆ ಇಟ್ಟು ನಿಂತ.

"ಲೋ, ಈಗ ಬೆಟ್ಟ ಎಡಗಡೆ ಬರುತ್ತೆ."

"ನಾನ್ ಹೊತ್ಕೊಂಡು ಹೋಗ್ತಿದೀನಿ ಅಂದ್ಕೋ. ಹೊತ್ಕೊಂಡು ಹೋದ್ರೆ ಪಾಪ ನಂದು."

ಅದು ಅವನಿಗೆ ಒಪ್ಪಿಗೆಯಾಯಿತು. ನನ್ನ ಹೆಗಲಿನ ಮೇಲೆ ಭಾರ ಬಿಟ್ಟ. ಪೇಯಿಂಗ್ ಗೆಸ್ಟುಗಳ ಜೊತೆ ಅವನೂ ಅದೇ ಅಡುಗೆಯನ್ನೇ ತಿನ್ನುತ್ತಾನೆ ಎಂಬುದು ಸುಳ್ಳು ಎಂದು ಆ ಭಾರದಿಂದ ಗೊತ್ತಾಯಿತು.

ಹಳದಿ ಪಟ್ಟಿಯ ಮರದಿಂದ ಮರಕ್ಕೆ ಕುಂಟುತ್ತ ಹೋದೆವು. ಅಣ್ಣ ಇದ್ದಕ್ಕಿದ್ದಂತೆ ಕೇಳಿದ: "ನನ್ ಮಗಳ ಮದ್ವೆಗೆ ಯಾಕೋ ಬರ್ಲಿಲ್ಲ?"

"ಎದುರು ಮನೆಗೆ ಕೊರಿಯರಲ್ಲಿ ಕಾರ್ಡ್ ಕಳಿಸ್ದೆಯಲ್ಲ, ಯಾವ ಮುಖ ಇಟ್ಕೊಂಡು ಬರ್ಲಿ?"

"ಕೊರಿಯರಲ್ಲಿ ಕಳಿಸ್ದೆ! ಯಾಕ್ ಕಳಿಸ್ದೆ ಕೇಳು. ಮೊದ್ಲು ನಾನೇ ತಂದಿದ್ದೆ. ನಿನ್ ಗೇಟಿನ ತಂಕ ಬಂದೆ, ಕುಂಕುಮ ತಟ್ಟೆ ಹಿಡ್ಕೊಂಡು. ನೀನು ಮಹಡಿ ಮೇಲೆ ಬಟ್ಟೆ ಒಣಗಾಕ್ತಿದ್ದೆ. ನನ್ನ ನೋಡ್ದೆ. ನೋಡಿ, ಬಟ್ಟೆ ಅಲ್ಲೇ ಬಿಟ್ಟು ಒಳಗೋದೆ."

ನಾನು ನಿಂತುಬಿಟ್ಟೆ. ಹೆಗಲ ಮೇಲಿದ್ದವನೂ ನಿಲ್ಲಬೇಕಾಯಿತು. ಆ ದಿನ ನನಗೆ ನೆನಪಿತ್ತು. ಮೋಡ ಕವಿದು ಗಾಳಿ ಎದ್ದಿತ್ತು, ಬಟ್ಟೆ ಹಾರುತ್ತಿತ್ತು, ಕನ್ನಡಕ ಒಳಗಿತ್ತು.

"ನಾನು ನಿನ್ನ ನೋಡೇ ಇಲ್ಲ ಕಣಣ್ಣ. ಕ್ಲಿಪ್ಪು ತರೋಕೆ ಒಳಗೋಗಿದ್ದೆ."

"ಏನು?"

"ಕ್ಲಿಪ್ಪು. ಬಟ್ಟೆಗೆ ಹಾಕೋ ಕ್ಲಿಪ್ಪು. ವಾಪಸ್ ಬಂದಾಗ ಗೇಟಲ್ಲಿ ಯಾರೂ ಇರ್ಲಿಲ್ಲ."

ಎಲೆಗಳು ಉದುರುತ್ತಿದ್ದವು. ಕಥೆಗಳಲ್ಲಾದರೆ ಅಣ್ಣತಮ್ಮಂದಿರು ಇಂಥ ಹೊತ್ತಿನಲ್ಲಿ ತಬ್ಬಿಕೊಂಡು ಅಳುತ್ತಾರೆ. ನಮ್ಮ ಮನೆತನದಲ್ಲಿ ಆ ಅಭ್ಯಾಸವಿಲ್ಲ.

"ಕ್ಲಿಪ್ಪಾ!" ಎಂದು ಅಣ್ಣ ಕಾಡೇ ಬೆಚ್ಚುವಂತೆ ಕಿರುಚಿದ. "ನಿನ್ ಕ್ಲಿಪ್ಪಿಗೆ ನನ್ ಮಗಳ ಧಾರೇಲಿ ಚಿಕ್ಕಪ್ಪ ಇಲ್ದಂಗಾಯ್ತಲ್ಲೋ!"

"ಒಂದ್ಸಲ ಗೋಪಿ ಅಂತ ಕೂಗೋಕೇನಾಗಿತ್ತು ನಿಂಗೆ?"

"ಅಣ್ಣ ಕಣೋ ನಾನು! ತಟ್ಟೆ ಹಿಡ್ಕೊಂಡು ಬೀದೀಲಿ ನಿಂತು ಕೂಗ್ಲಾ?"

"ಮೆಟ್ಲು ಕಟ್ಸುವಾಗ ಕೂಗಾಡೋಕೆ ಬೀದಿ ಬೇಕಿತ್ತು, ಇದಕ್ಕೆ ಬೇಡ್ವಾ?"

"ಮೆಟ್ಲ ವಿಷ್ಯ ಎತ್ತಬೇಡ! ಬೆಂಕಿ ಬಿದ್ರೆ ಆ ಹುಡುಗ್ರು ಎಲ್ಲಿಂದ ಇಳೀಬೇಕು?"

ಮೆಟ್ಟಿಲು ಬಂತು, ಓಣಿ ಬಂತು, ಅಮ್ಮನ ತಿಥಿಯನ್ನು ಎರಡು ಮನೆಯಲ್ಲಿ ಎರಡು ಸಲ ಮಾಡಿದ್ದು ಬಂತು. ನಾಲ್ಕು ವರ್ಷದ ಜಗಳ ಬಾಕಿ ಇತ್ತು, ಇಬ್ಬರಿಗೂ ಹೊಟ್ಟೆ ತುಂಬಿತ್ತು. ನಾನು ಅವನನ್ನು ಹಿಡಿದುಕೊಂಡೇ ಬೈದೆ, ಅವನು ನನ್ನ ಮೇಲೆ ಒರಗಿಕೊಂಡೇ ಬೈದ. ಅಷ್ಟು ದೂರದಲ್ಲಿ ಯಾವ ಕರಡಿ ಇದ್ದರೂ ಆ ಮಧ್ಯಾಹ್ನ ಪಕ್ಕದ ರಾಜ್ಯಕ್ಕೆ ವಲಸೆ ಹೋಗಿರಬೇಕು.

ಕರಡಿಯ ಬದಲು ರೇಂಜರ್ ಬಂದಳು. ಕಾಡಿನ ಕಾವಲಿನ ಹುಡುಗಿ, ಅಗಲ ಟೋಪಿ, ಹಿಂದೆ ತೆರೆದ ತೊಟ್ಟಿಯಿರುವ ಪುಟ್ಟ ಗಾಡಿ. ಇಬ್ಬರು ಗಂಡಸರು ಕೊಲೆಯಾಗುವಂತೆ ಕೂಗಾಡುತ್ತಿದ್ದಾರೆಂದು ಯಾರೋ ಹೋಗಿ ತಿಳಿಸಿದ್ದರಂತೆ. ಆಕೆ ದೂರದಲ್ಲೇ ನಿಂತು, ಎಲ್ಲ ಸರಿಯಾಗಿದೆಯೇ ಎಂದು ಕೇಳಿದಳು.

"ನೋ ಪ್ರಾಬ್ಲಂ ಮೇಡಂ," ಎಂದ ಅಣ್ಣ ಬಹಳ ಗಾಂಭೀರ್ಯದಿಂದ. "ಫ್ಯಾಮಿಲಿ ಮೀಟಿಂಗ್."

ಆಕೆ ಅವನ ಕಾಲು ನೋಡಿದಳು, ನಮ್ಮ ಮೂಗುಗಳನ್ನು ನೋಡಿದಳು, ಗಾಡಿಯ ಹಿಂಬದಿ ತೋರಿಸಿದಳು. ಹತ್ತಿ ಕೂತೆವು. ಗಾಡಿ ಹೊರಟಿತು. ಮೀಟಿಂಗೂ ಮುಂದುವರಿಯಿತು.

ಮರದ ದಿಮ್ಮಿಯ ಮೇಲೆ ಕೂತಿದ್ದ ಮಂಜುಳಾ ರೇಂಜರ್ ಗಾಡಿ ಬರುವುದನ್ನು ಕಂಡು ಎದ್ದು ನಿಂತಳು. ಆಮೇಲೆ ಓಡಿ ಬಂದಳು. "ಯಾರಿಗೇನಾಯ್ತು? ದೊಡ್ಡಣ್ಣ! ಸಣ್ಣಣ್ಣ!" ಎಂದು ಅವಳು ಕೂಗುತ್ತಿದ್ದದ್ದು ನಮಗೆ ಸರಿಯಾಗಿ ಕೇಳಿಸಲಿಲ್ಲ. ಏಕೆಂದರೆ ಮೆಟ್ಟಿಲು ಒಡೆಸುವುದಿಲ್ಲ ಎಂದು ಅವನೂ, ಒಡೆಸು ಎಂದು ಯಾರು ಬೇಡಿಕೊಂಡರು, ಮಗಳನ್ನು ಅಳಿಯನನ್ನು ಮೊದಲು ಊಟಕ್ಕೆ ಕಳಿಸು ಎಂದು ನಾನೂ, ಒಂದೇ ಸಲಕ್ಕೆ ಹೇಳುತ್ತಿದ್ದೆವು.

ಮಂಜುಳಾ ಗಾಡಿಯ ಅಂಚು ಹಿಡಿದು ನಿಂತಳು. ನನ್ನನ್ನು ನೋಡಿದಳು, ಅವನನ್ನು ನೋಡಿದಳು.

"ಜಗಳ ಆಡ್ತಿದೀರಾ?"

"ಹೂಂ," ಎಂದ ಅಣ್ಣ.

"ಇಬ್ರೂ? ಒಬ್ರಿಗೊಬ್ರು?"

"ಮತ್ತಿನ್ಯಾರ ಹತ್ರ ಆಡ್ಲಿ? ಈ ದೇಶ್ದಲ್ಲಿ ನಂಗ್ಯಾರ್ ಗೊತ್ತು?"

ಅವಳು ಅಲ್ಲೇ, ಕಾರುಗಳ ನಡುವೆ, ಎಲೆ ಹಾಸಿದ ನೆಲದ ಮೇಲೆ ಕುಸಿದು ಕೂತಳು. ಹೊಸ ಜಾಕೆಟ್ಟಿನ ತೋಳಿನಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಅಣ್ಣ ಒಂಟಿ ಕಾಲಲ್ಲಿ ಇಳಿದು ಅವಳ ಒಂದು ಪಕ್ಕ ಕೂತ. ನಾನು ಇನ್ನೊಂದು ಪಕ್ಕ ಕೂತೆ.

ರೇಂಜರ್ ಹುಡುಗಿಗೆ ಗಾಬರಿಯಾಯಿತು. ಗಾಯವಾದವನು ಸುಮ್ಮನಿದ್ದಾನೆ, ಗಾಯವಾಗದವಳು ಅಳುತ್ತಿದ್ದಾಳೆ. ಬಗ್ಗಿ ನನ್ನ ಕಿವಿಯ ಹತ್ತಿರ ಮೆಲ್ಲಗೆ ಕೇಳಿದಳು, ಇವರ ಮನೆಯವರನ್ನು ಯಾರನ್ನಾದರೂ ಕರೆಸಬೇಕೇ ಎಂದು.

"ಬೇಡಮ್ಮ," ಎಂದೆ, ಅವಳಿಗೆ ಅರ್ಥವಾಗದ ಕನ್ನಡದಲ್ಲೇ. "ಎಲ್ರೂ ಬಂದಿದೀವಿ."